ಬಾಕಿ ಸೊನ್ನೆಯಾದ ಮೇಲೂ ಬಂದ ₹943ರ ಬಿಲ್ಲು

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಮಂಡ್ಯ. ಮೈಸೂರಿನ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿದ್ದೇನೆ, ದಿನಾ ರೈಲಿನಲ್ಲಿ ಓಡಾಟ. 2019ರಲ್ಲಿ ಮಾವನವರ ಹಾರ್ಟ್ ಆಪರೇಷನ್‌ಗೆ ಅಂತ ಕಾರ್ಡ್ ಉಜ್ಜಿದ್ದು ಶುರು. ಒಂದು ಹೋಗಿ ಮೂರು ಕಾರ್ಡಾಯಿತು, ಲಾಕ್‌ಡೌನ್‌ನಲ್ಲಿ ಸಂಬಳ ಅರ್ಧವಾಯಿತು, ಸಾಲ ₹2,80,000 ಮುಟ್ಟಿತು. ಕಬ್ಬಿನ ಬಿಲ್ಲು ಬಂದಾಗ ಒಟ್ಟಿಗೆ ಕಟ್ಟೋಣ ಅಂತ ಕಾರ್ಡಿನ ಬಿಲ್ಲಿನಲ್ಲಿ ಕೇಳಿದ ಮಿನಿಮಮ್ ಮಾತ್ರ ಕಟ್ಟುತ್ತಾ ಬಂದೆವು. ಒಂದು ಕಾರ್ಡನ್ನು ನಮ್ಮೆಜಮಾನ್ರು 2021ರಲ್ಲಿ ₹71,000 ಬಾಕಿಗೆ ₹45,000 ಕೊಟ್ಟು ಸೆಟಲ್‌ಮೆಂಟ್ ಮಾಡಿಸಿದರು. ಇನ್ನೊಂದು ಹೋದ ವರ್ಷ ಮುಗಿಯಿತು, ಕಾರ್ಡ್ ಹಾಗೇ ಇದೆ. ಕೊನೆಯದಕ್ಕೆ ಕಳೆದ ತಿಂಗಳು 28ನೇ ತಾರೀಖು, ಕೊನೇ ದಿನಕ್ಕಿಂತ ಮುಂಚೆಯೇ, ₹38,600 ಪೂರ್ತಿ ಕಟ್ಟಿದೆ. ಆಪ್‌ನಲ್ಲಿ ಬಾಕಿ ಸೊನ್ನೆ ಅಂತ ಬಂತು. ಇದಕ್ಕೆಲ್ಲ ನನ್ನ ಎರಡೆಳೆ ಸರ ಅಡ ಇಟ್ಟು ₹90,000 ತಂದಿದ್ದೆ (ಬಡ್ಡಿ 11%), ಬೀದಿಯ ಚೀಟಿ ಕೂಗಿ ಎತ್ತಿದ್ದೆ (ತಿಂಗಳಿಗೆ ₹5,000, ಇನ್ನೂ ಏಳು ಕಂತಿದೆ). ಈಗ 10ನೇ ತಾರೀಖು ಅದೇ ಕಾರ್ಡಿನಿಂದ ₹943ರ ಬಿಲ್ಲು ಬಂದಿದೆ. ಇದು ಮೋಸವಲ್ಲವೇ? ಕಾರ್ಡುಗಳನ್ನು ಮುಚ್ಚಿದರೆ ಸಿಬಿಲ್ ಬೀಳುತ್ತದಾ? ಒಂದಾದರೂ ಆಪತ್ತಿಗೆ ಇರಲಿ ಅಂತಾರೆ ಇವರು. ಎರಡು ಮೂರು ವರ್ಷದಲ್ಲಿ ಮನೆ ಕಟ್ಟೋ ಯೋಚನೆ ಇದೆ, ಸೆಟಲ್‌ಮೆಂಟ್ ಅಡ್ಡ ಬರುತ್ತಾ? ಮತ್ತೊಂದು, ಕೇಳೋಕೆ ನಾಚಿಕೆ. ಸಾಲ ತೀರಿದ ದಿನ ಹಬ್ಬ ಮಾಡಬೇಕು ಅಂದುಕೊಂಡಿದ್ದೆ. ಏನೂ ಅನ್ನಿಸಲೇ ಇಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಈಗಲೂ ಎದೆ ಡವಡವ ಅನ್ನುತ್ತದೆ. ಯಾಕೆ ಹೀಗೆ?

ಉತ್ತರ: ಮೊದಲು ಆ ₹943 ಕಟ್ಟಿಬಿಡಿ ತಾಯಿ, ಇವತ್ತೇ. ಜಗಳ ಆಮೇಲೆ. ಇಷ್ಟೆಲ್ಲ ಕಟ್ಟಿದವರು ಕೊನೆಯ ಸಾವಿರ ರೂಪಾಯಿಯ ಮೇಲೆ ಸಿಟ್ಟು ಮಾಡಿಕೊಂಡು, ಅದಕ್ಕೆ ತಡಪಾವತಿಯ ದಂಡ ಏರಿ, ಸಿಬಿಲ್‌ನಲ್ಲಿ, ಅಂದರೆ ನಮ್ಮ ಸಾಲದ ಚರಿತ್ರೆ ಬರೆದಿಡುವ ಕಂಪನಿಯ ವರದಿಯಲ್ಲಿ, ಮತ್ತೆ ಕಪ್ಪು ಚುಕ್ಕೆ ಬಿದ್ದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕಟ್ಟಬೇಕಾದ ಕೊನೆಯ ದಿನ ದಾಟಿ ಮೂರು ದಿನಕ್ಕಿಂತ ಹೆಚ್ಚಾದರೆ ಕಂಪನಿ ನಿಮ್ಮನ್ನು ಬಾಕಿದಾರರೆಂದು ವರದಿ ಮಾಡಬಹುದು. ಬಾಕಿ ಚಿಕ್ಕದೋ ದೊಡ್ಡದೋ, ವರದಿಯ ಆ ಕಾಲಂ ಕೇಳುವುದು ಎಷ್ಟು ದಿನ ತಡವಾಯಿತು ಎಂಬುದನ್ನು.

ಮೋಸವೇ ಎಂದು ಕೇಳಿದಿರಿ. ಲೆಕ್ಕ ಹಾಕಿ ನೋಡೋಣ. ನಿಮ್ಮ ಸ್ಟೇಟ್‌ಮೆಂಟ್ 10ನೇ ತಾರೀಖು ತಯಾರಾಗುತ್ತದೆ. ಅದರಲ್ಲಿರುವ ಬಡ್ಡಿ 10ರವರೆಗಿನದು ಮಾತ್ರ. ನೀವು ಕಟ್ಟಿದ್ದು 28ಕ್ಕೆ. ನಡುವೆ 18 ದಿನ. ತಿಂಗಳಿಗೆ 3.5% ಅಂದರೆ ವರ್ಷಕ್ಕೆ 42%. ₹38,600 ಪೂರ್ತಿ ಬಡ್ಡಿ ಬೀಳುವ ಬಾಕಿ ಎಂದು ಹಿಡಿದರೆ ದಿನಕ್ಕೆ ₹44.42. ಹದಿನೆಂಟು ದಿನಕ್ಕೆ ₹799.50. ಬಡ್ಡಿಯ ಮೇಲೆ 18% ಜಿಎಸ್‌ಟಿ ₹143.90. ಕೂಡಿಸಿ: ₹943 ಚಿಲ್ಲರೆ. ಪೈಸೆಯೂ ಹೆಚ್ಚು ಹಾಕಿಲ್ಲ.

ಕೊನೇ ದಿನಕ್ಕೆ ಮುಂಚೆ ಕಟ್ಟಿದರೂ ಬಡ್ಡಿಯೇ ಎಂಬುದು ನಿಮ್ಮ ನೋವು. ಬಡ್ಡಿ ಇಲ್ಲದ ನಲವತ್ತು ಐವತ್ತು ದಿನ ಎಂದು ಜಾಹೀರಾತಿನಲ್ಲಿ ಹೇಳುತ್ತಾರಲ್ಲ, ಅದು ಹಿಂದಿನ ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಿದವರಿಗೆ ಮಾತ್ರ. ಒಂದು ರೂಪಾಯಿ ಉಳಿಸಿಕೊಂಡು ಮುಂದಿನ ತಿಂಗಳಿಗೆ ದಾಟಿದಿರೋ, ಆ ಸೌಲಭ್ಯ ಹೋಯಿತು. ಹಳೆಯ ಬಾಕಿಗೂ, ಹೊಸದಾಗಿ ಉಜ್ಜಿದ್ದಕ್ಕೂ ಅವತ್ತಿನಿಂದಲೇ ಬಡ್ಡಿ. ನೀವು ವರ್ಷಗಟ್ಟಲೆ ಮಿನಿಮಮ್ ಕಟ್ಟಿದವರು, ಹಾಗಾಗಿ ಕೊನೆಯ ತಿಂಗಳೂ ಮೀಟರ್ ಓಡುತ್ತಲೇ ಇತ್ತು. ನನ್ನ ಆಕ್ಷೇಪ ಬೇರೆ. ಆಪ್‌ನಲ್ಲಿ ಬಾಕಿ ಸೊನ್ನೆ ಎಂದು ತೋರಿಸುವಾಗ, ಇಂಥ ದಿನ ಇಷ್ಟು ಬಡ್ಡಿ ಬರಲಿದೆ ಎಂದು ಅದರ ಕೆಳಗೆ ಒಂದು ಸಾಲು ಹಾಕಲು ಇವರಿಗೆ ಏನು ದಾಡಿ? ಪೂರ್ತಿ ತೀರಿಸುವವರು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, "ಇವತ್ತಿನ ತಾರೀಖಿಗೆ ಬಡ್ಡಿ ಸಮೇತ ಮುಗಿಸೋಕೆ ಎಷ್ಟು" ಎಂದು ಕೇಳಿ ಕಟ್ಟಬೇಕು. ಇದನ್ನು ತಾವಾಗಿ ಹೇಳುವವರು ಕಡಿಮೆ.

ಮಿನಿಮಮ್ ಬಗ್ಗೆಯೂ ಎರಡು ಮಾತು, ಯಾಕೆಂದರೆ ಮಂಡ್ಯ ಕಡೆಯಿಂದ ನನಗೆ ಬರುವ ಪತ್ರಗಳಲ್ಲಿ ಅರ್ಧದಷ್ಟರಲ್ಲಿ "ಕಬ್ಬಿನ ಬಿಲ್ಲು ಬಂದಾಗ" ಎಂಬ ಮಾತು ಇದ್ದೇ ಇರುತ್ತದೆ. ಒಂದು ಲಕ್ಷ ಬಾಕಿ ಇದೆ, ₹5,000 ಕಟ್ಟಿದಿರಿ ಎನ್ನಿ. ಅದರಲ್ಲಿ ₹3,500 ಬಡ್ಡಿಗೆ, ₹630 ಜಿಎಸ್‌ಟಿಗೆ ಹೋಯಿತು. ಅಸಲಿಗೆ ಮುರಿದದ್ದು ₹870. ಕಬ್ಬು ವರ್ಷಕ್ಕೊಂದು ಸಲ ದುಡ್ಡು ತರುವ ಬೆಳೆ. ಕಬ್ಬು ಸಾಗಿಸಿದ 14 ದಿನದಲ್ಲಿ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳಿದರೂ, ನಮ್ಮ ರೈತರಿಗೆ ಆ ಹದಿನಾಲ್ಕು ದಿನ ಎಷ್ಟು ಉದ್ದ ಎನ್ನುವುದು ಗೊತ್ತು. ಅಂಥ ಆದಾಯ ನೆಚ್ಚಿಕೊಂಡು, ದಿನಕ್ಕೆ ಇಷ್ಟೆಂದು ಬಡ್ಡಿ ಎಣಿಸುವ ಸಾಲಕ್ಕೆ ಕೈ ಹಾಕಿದರೆ ಕಬ್ಬಿನ ಬಿಲ್ಲು ಬರುವ ಹೊತ್ತಿಗೆ ಅದು ಬಡ್ಡಿಗೇ ಸರಿಹೋಗುತ್ತದೆ. ನಿಮ್ಮ ಮನೆಯಲ್ಲಿ ಆದದ್ದೂ ಇದೇ ಇರಬೇಕು.

ಈಗ ಕಾರ್ಡ್ ಮುಚ್ಚುವ ವಿಚಾರ. ಅದಕ್ಕೆ ಮುಂಚೆ ನನ್ನದೇ ಒಂದು ಪೆದ್ದುತನ ಹೇಳಬೇಕು.

ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿದ್ದವನು ನಾನು, ಅದರಲ್ಲಿ ಬಹುಪಾಲು ಸಾಲದ ವಿಭಾಗದಲ್ಲಿ. ರಿಸರ್ವ್ ಬ್ಯಾಂಕಿನ ನೋಟು ಅಚ್ಚಾಗುವ ಊರು ನಮ್ಮದು ಎಂದು ನೆಂಟರ ಮುಂದೆ ಜಂಬ ಕೊಚ್ಚುತ್ತಿದ್ದೆ. ಅದೇ ಊರಿನಲ್ಲಿ 2008ರಲ್ಲಿ ಮನೆ ಕಟ್ಟಿಸುವಾಗ ಬಾಗಿಲು, ಟೈಲ್ಸ್, ಗ್ರಿಲ್ ಎಂದು ಎರಡು ಕಾರ್ಡಿನಲ್ಲಿ ಒಂದೂವರೆ ಲಕ್ಷದ ಮೇಲೆ ಸಾಲ ಮಾಡಿಕೊಂಡೆ. ಹಗಲು ಬೇರೆಯವರ ಸಾಲದ ಅರ್ಜಿಗೆ ಷರಾ ಬರೆಯುವುದು, ಸಂಜೆ ನನ್ನ ಬಿಲ್ಲನ್ನು ಬೀರುವಿನಲ್ಲಿ ಬಟ್ಟೆಯ ಕೆಳಗೆ ಇಡುವುದು. ಮನೆಯವರಿಗೂ ಹೇಳಿರಲಿಲ್ಲ. ಆಗೆಲ್ಲ ಚೆಕ್ಕಿನ ಹಿಂದೆ ಕಾರ್ಡ್ ನಂಬರ್ ಬರೆದು ಎಟಿಎಂ ಪಕ್ಕದ ಡ್ರಾಪ್ ಬಾಕ್ಸಿಗೆ ಹಾಕುತ್ತಿದ್ದೆವು. 2011ರ ಮಾರ್ಚ್‌ನಲ್ಲಿ ಕೊನೆಯ ಚೆಕ್ ಹಾಕಿದೆ. ಹಾಕಿದ ಮೇಲೆ ಪೆಟ್ಟಿಗೆಯನ್ನು ಒಮ್ಮೆ ಕೈಯಿಂದ ತಟ್ಟಿ ನೋಡಿದ್ದು ನೆನಪಿದೆ, ಚೆಕ್ ಅಂಚಿಗೆ ಸಿಕ್ಕಿಕೊಂಡಿದೆಯೇನೋ ಎಂದು. ಮನೆಗೆ ಬಂದು, ನಮ್ಮಾಕೆಯ ಬ್ಲೌಸ್ ಕತ್ತರಿಸುವ ಕತ್ತರಿಯಿಂದ ಎರಡೂ ಕಾರ್ಡನ್ನು ಕಪ್ಪು ಪಟ್ಟಿಯ ಮಧ್ಯೆ ಕತ್ತರಿಸಿ, ಮಧ್ಯಾಹ್ನ ಮಲಗಿದವನು ದೀಪ ಹಚ್ಚುವ ಹೊತ್ತಿಗೆ ಎದ್ದೆ. ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದರು.

ಕಾರ್ಡ್ ಕತ್ತರಿಸಿದರೆ ಖಾತೆ ಮುಚ್ಚುವುದಿಲ್ಲ ಎಂಬುದು ಸಾಲದ ವಿಭಾಗದ ಅಧಿಕಾರಿಗೆ ಹೊಳೆಯಲಿಲ್ಲ ನೋಡಿ. ಕೆಲವು ತಿಂಗಳ ಮೇಲೆ ಕೊರಿಯರ್‌ನಲ್ಲಿ ಬಿಲ್ಲು ಬಂತು. ವಾರ್ಷಿಕ ಶುಲ್ಕ ₹500, ಆಗಿನ 10.3% ಸೇವಾ ತೆರಿಗೆ ಸೇರಿ ₹551.50. ನಾನು ಊರಲ್ಲಿರಲಿಲ್ಲ, ಲಕೋಟೆ ಒಡೆದವರು ನಮ್ಮಾಕೆ. ನಾನು ಬಂದಾಗ ಕೇಳಿದ್ದು ಒಂದೇ ಮಾತು: "ಒಟ್ಟು ಎಷ್ಟಿತ್ತು?" ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೋಗಿ ಹೊಲಿಗೆ ಮೆಷಿನ್ ಮುಂದೆ ಕೂತರು. ಸಾಲ ತೀರಿತು ಎಂದು ನನ್ನ ಮೈಗೆ ಗೊತ್ತಾದದ್ದು ಅವತ್ತು ರಾತ್ರಿ, ಚೆಕ್ ಹಾಕಿದ ದಿನ ಅಲ್ಲ.

ಆದ್ದರಿಂದ ಕತ್ತರಿ ಕೆಳಗಿಡಿ. ಮೊದಲು ₹943 ಕಟ್ಟಿ, ಮುಂದಿನ ಸ್ಟೇಟ್‌ಮೆಂಟ್ ಸೊನ್ನೆ ಬರುವವರೆಗೆ ಆ ಕಾರ್ಡನ್ನು ಮುಟ್ಟಬೇಡಿ. ಹೋದ ವರ್ಷ ಮುಗಿಸಿದ ಕಾರ್ಡನ್ನು ಮಾತ್ರ ಈ ವಾರವೇ ಮುಚ್ಚಿಸಿ. ಅದರ ಮೇಲೆ ಓಟಿಟಿ, ವಿಮೆ, ರೀಚಾರ್ಜ್ ಹೀಗೆ ತಾನಾಗಿ ಕಡಿತವಾಗುವಂಥದ್ದೇನಾದರೂ ಇದ್ದರೆ ಮೊದಲು ತೆಗೆಸಿ. ರುಪೇ ಕಾರ್ಡಾಗಿದ್ದು ಫೋನಿನ ಯುಪಿಐಗೆ ಜೋಡಿಸಿದ್ದರೆ ಅದನ್ನೂ ಬಿಡಿಸಿ. ಇದು ಹೊಸ ಕಾಟ. ಉಜ್ಜುವ ಯಂತ್ರ ಇಲ್ಲದ ಕಡೆ ಕಾರ್ಡ್ ನಡೆಯುತ್ತಿರಲಿಲ್ಲ ಎಂಬುದೇ ಎಷ್ಟೋ ಜನರನ್ನು ಕಾಪಾಡಿತ್ತು. ಈಗ ರೈಲ್ವೆ ಸ್ಟೇಷನ್ ಮುಂದೆ ಎಳನೀರು ಕುಡಿದು ಕ್ಯೂಆರ್ ಸ್ಕ್ಯಾನ್ ಮಾಡಿದರೂ, ಯಾವ ಖಾತೆ ಆರಿಸಿದ್ದೀರಿ ಎಂದು ನೋಡದಿದ್ದರೆ ಸಾಲದಲ್ಲೇ ಕುಡಿದ ಹಾಗೆ.

ಮುಚ್ಚುವ ಕೋರಿಕೆಯನ್ನು ಇಮೇಲ್‌ನಲ್ಲೋ ಆಪ್‌ನಲ್ಲೋ ಕೊಡಿ. ಫೋನಿನಲ್ಲಿ ಹೇಳಿದರೆ ಕೋರಿಕೆಯ ಸಂಖ್ಯೆ ಬರೆದಿಟ್ಟುಕೊಳ್ಳಿ. ಫೋನ್ ಎತ್ತಿದ ಹುಡುಗ ಹುಡುಗಿಯರು ಪಾಪ, ನಿಮ್ಮನ್ನು ಉಳಿಸಿಕೊಳ್ಳಲೆಂದೇ ಕೂತಿರುತ್ತಾರೆ: ವರ್ಷದ ಶುಲ್ಕ ಮನ್ನಾ, ಪಾಯಿಂಟ್ಸ್ ಡಬಲ್, ಲೈಫ್‌ಟೈಮ್ ಫ್ರೀ. "ಬೇಡಮ್ಮ, ಮುಚ್ಚಿ" ಎಂದು ಮೂರು ಸಲ ಹೇಳಬೇಕಾಗುತ್ತದೆ. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮದ ಪ್ರಕಾರ ಬಾಕಿ ಇಲ್ಲದ ಕಾರ್ಡನ್ನು ಕೋರಿಕೆ ಕೊಟ್ಟ ಏಳು ಕೆಲಸದ ದಿನದೊಳಗೆ ಮುಚ್ಚಲೇಬೇಕು. ತಡವಾದರೆ ದಿನಕ್ಕೆ ₹500ರಂತೆ ಅವರು ನಿಮಗೆ ಕೊಡಬೇಕು. ಅಂಚೆಯಲ್ಲೇ ಅರ್ಜಿ ಕಳಿಸಿ ಎಂದು ಸತಾಯಿಸುವಂತಿಲ್ಲ. ಮುಚ್ಚಿದ ಮೇಲೆ ಮೆಸೇಜ್, ಇಮೇಲ್ ಬರುತ್ತದೆ. ಅಷ್ಟಕ್ಕೆ ಬಿಡದೆ, ಬಾಕಿ ಏನೂ ಇಲ್ಲ ಎಂಬ ನೋ ಡ್ಯೂ ಪತ್ರ ಕೇಳಿ ತರಿಸಿಕೊಂಡು, ಪ್ರಿಂಟ್ ತೆಗೆದು, ಮನೆಯ ಪತ್ರ ಇಡುವ ಕಡೆ ಇಡಿ. ಕಂದಾಯದ ರಸೀದಿಗಿರುವ ಬೆಲೆಯೇ ಅದಕ್ಕೂ ಇದೆ.

₹943ರ ಬಿಲ್ಲು ಬಂದ ಹಳೆಯ ಕಾರ್ಡನ್ನು ಏನು ಮಾಡುವುದು? ಇಲ್ಲಿ ನಿಮ್ಮ ಯಜಮಾನರ ಮಾತನ್ನು ಅರ್ಧ ಒಪ್ಪುತ್ತೇನೆ. ಆಪತ್ತಿಗೆ ಎಂಬ ಅರ್ಧವನ್ನು ಒಪ್ಪುವುದಿಲ್ಲ, 2019ರಲ್ಲೂ ಅದು ಆಪತ್ತಿಗೆಂದೇ ಇತ್ತು. ಆದರೆ ಮನೆ ಸಾಲದ ಯೋಚನೆ ಇರುವುದರಿಂದ, ಹಳೆಯ ಖಾತೆಯೊಂದು ಸರಿಯಾಗಿ ನಡೆಯುತ್ತಿದೆ ಎಂಬ ದಾಖಲೆ ಇದ್ದರೆ ಒಳ್ಳೆಯದು. ಅದರ ಮಿತಿಯನ್ನು ₹20,000ಕ್ಕೆ ಇಳಿಸಲು ಬರೆದುಕೊಡಿ. ಎಟಿಎಂನಿಂದ ನಗದು ತೆಗೆಯುವುದನ್ನೂ ಹೊರದೇಶದ ವ್ಯವಹಾರವನ್ನೂ ಆಪ್‌ನಲ್ಲೇ ಬಂದ್ ಮಾಡಿ. ಕಾರ್ಡಿನಿಂದ ನಗದು ತೆಗೆದರೆ ಶುಲ್ಕ ಬೇರೆ, ಬಡ್ಡಿ ಅದೇ ದಿನದಿಂದ. ತಿಂಗಳಿಗೆ ಒಂದೇ ಒಂದು ಸಣ್ಣ ಖರ್ಚು ಅದರಲ್ಲಿ ಹೋಗಲಿ. ಕರೆಂಟ್ ಬಿಲ್ಲು ಎನ್ನುತ್ತಿದ್ದೆ, ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗೆ ಅದು ಸೊನ್ನೆಯೇ ಬರುತ್ತದೆ. ಮೊಬೈಲ್ ರೀಚಾರ್ಜ್ ಇಟ್ಟುಕೊಳ್ಳಿ. ಉಳಿತಾಯ ಖಾತೆಯಿಂದ ಬಿಲ್ಲು ತಾನಾಗಿ ಕಡಿತವಾಗುವಂತೆ ಹಾಕಿಸಿ, ಆದರೆ ಅಲ್ಲಿ ಮಿನಿಮಮ್, ಪೂರ್ತಿ ಎಂದು ಎರಡು ಆಯ್ಕೆ ಕೇಳುತ್ತದೆ, ಪೂರ್ತಿ ಎನ್ನಿ. ಹಾಗಿಟ್ಟೂ ಕೈ ತುರಿಸಿದರೆ ಯೋಚನೆ ಮಾಡದೆ ಅದನ್ನೂ ಮುಚ್ಚಿ. ಮುಚ್ಚಿದರೆ ಸ್ಕೋರು ಸ್ವಲ್ಪ ಇಳಿಯಬಹುದು, ಇಳಿಯಲಿ. ಕ್ರೆಡಿಟ್ ಕಾರ್ಡ್ ಇಲ್ಲ ಎಂಬ ಒಂದೇ ಕಾರಣಕ್ಕೆ ನಾನು ಯಾರ ಮನೆ ಸಾಲವನ್ನೂ ತಳ್ಳಿಹಾಕಿದ್ದು ಇಲ್ಲ.

ನಿಜವಾದ ಆಪತ್ತಿಗೆ ಬೇರೆ ಏರ್ಪಾಟು ಮಾಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡ್ ಮನೆಯ ಎಲ್ಲರಿಗೂ ಆಗಿದೆಯೇ ನೋಡಿ. ಬಿಪಿಎಲ್ ಆದರೆ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ, ಎಪಿಎಲ್ ಆದರೆ ಪ್ಯಾಕೇಜ್ ದರದ 30%, ₹1.5 ಲಕ್ಷದ ಮಿತಿಯಲ್ಲಿ ಸರ್ಕಾರ ಭರಿಸುತ್ತದೆ. ಹೃದಯದ ತೊಂದರೆಗೆ ಮೈಸೂರಿನಲ್ಲೇ ಸರ್ಕಾರದ ಜಯದೇವ ಆಸ್ಪತ್ರೆ ಇದೆ. ಮಾವನವರ ವೇಳೆಯಲ್ಲಿ ಇದನ್ನೆಲ್ಲ ವಿಚಾರಿಸಲು ನಿಮಗೆ ಪುರುಸೊತ್ತೇ ಇದ್ದಿರಲಿಕ್ಕಿಲ್ಲ, ಅದು ನಿಮ್ಮ ತಪ್ಪಲ್ಲ. ಈಗ ಇದೆ.

ಸೆಟಲ್‌ಮೆಂಟ್ ವಿಚಾರ ಸ್ವಲ್ಪ ಗಟ್ಟಿ. ಸಾಲದ ಅರ್ಜಿ ಟೇಬಲ್ ಮೇಲೆ ಬಂದಾಗ ನಾವು ಮೊದಲು ಸ್ಕೋರ್ ನೋಡುತ್ತೇವೆ ಎಂದು ಜನ ತಿಳಿದಿದ್ದಾರೆ. ನಾನಂತೂ ನೇರವಾಗಿ ಖಾತೆಗಳ ಪಟ್ಟಿಗೆ ಹೋಗುತ್ತಿದ್ದೆ. "ಕ್ಲೋಸ್ಡ್" ಎಂದಿದ್ದರೆ ಮುಂದಿನ ಸಾಲಿಗೆ. "ಸೆಟಲ್ಡ್" ಎಂದಿದ್ದರೆ ಪೆನ್ನು ಅಲ್ಲೇ ನಿಲ್ಲುತ್ತಿತ್ತು, ಯಾಕೆಂದರೆ ಅದರ ಅರ್ಥ ಈ ಮನುಷ್ಯನಿಂದ ಒಂದು ಬ್ಯಾಂಕು ಬರಬೇಕಾದ್ದಕ್ಕಿಂತ ಕಡಿಮೆ ತೆಗೆದುಕೊಂಡು ಕೈತೊಳೆದುಕೊಂಡಿದೆ ಎಂದು. ಕಾಯಿಲೆ, ಲಾಕ್‌ಡೌನ್ ಎಂದು ಕಾರಣ ಹೇಳಬಹುದು, ಕೆಲವರು ಕೇಳಿಸಿಕೊಳ್ಳುತ್ತಾರೆ, ಕೆಲವರು ಅರ್ಜಿ ವಾಪಸ್ ಕೊಡುತ್ತಾರೆ. ನಿಮ್ಮ ಯಜಮಾನರು 2021ರಲ್ಲಿ ಮಾಡಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಆಗ ಮನೆಗೆ ಅಕ್ಕಿ ಮುಖ್ಯವಿತ್ತು.

ಸರಿಪಡಿಸುವ ದಾರಿ ಇದೆ. ಬಿಟ್ಟುಕೊಟ್ಟ ₹26,000 ಕಟ್ಟಿದರೆ ಖಾತೆಯನ್ನು "ಕ್ಲೋಸ್ಡ್" ಎಂದು ಬದಲಿಸಿ ನೋ ಡ್ಯೂ ಪತ್ರ ಕೊಡುತ್ತೀರಾ ಎಂದು ಆ ಬ್ಯಾಂಕಿಗೆ ಬರೆಯಿರಿ. ಉತ್ತರ ಬರಹದಲ್ಲಿ ಬರುವವರೆಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಆ ಸಾಲವನ್ನು ಬ್ಯಾಂಕು ಬೇರೆ ಕಂಪನಿಗೆ ಮಾರಿದ್ದರೂ ಮಾರಿರಬಹುದು, ಹಾಗಿದ್ದರೆ ಯಾರಿಗೆ ಕಟ್ಟಬೇಕೆಂದೂ ಅದೇ ಪತ್ರದಲ್ಲಿ ಕೇಳಿ. ಕಟ್ಟುವುದು ಯಾವಾಗ ಎಂಬುದಕ್ಕೆ ಕೆಳಗೆ ಬರುತ್ತೇನೆ, ಅವಸರ ಬೇಡ.

ವರದಿಯಲ್ಲಿ ನಿಜಕ್ಕೂ ಏನಿದೆ ಎಂದು ನೀವೇ ನೋಡಿಕೊಳ್ಳಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ಈ ನಾಲ್ಕೂ ಕಡೆಯಿಂದ ವರ್ಷಕ್ಕೊಮ್ಮೆ ಪೂರ್ತಿ ವರದಿ ಬಿಟ್ಟಿ ಸಿಗುತ್ತದೆ. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು, ಹಾಗಾಗಿ ನಿಮ್ಮ ಸೊನ್ನೆ ಒಂದೆರಡು ತಿಂಗಳಲ್ಲಿ ಅಲ್ಲಿ ಕಾಣಬೇಕು. ತಪ್ಪಿದ್ದರೆ ದೂರು ಹಾಕಿ. ಮೂವತ್ತು ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ ₹100 ಪರಿಹಾರ. "ಐದು ಸಾವಿರ ಕೊಡಿ, ಸಿಬಿಲ್ ಕ್ಲೀನ್ ಮಾಡಿಸ್ತೀವಿ" ಎನ್ನುವವರು ಮೈಸೂರಿನಲ್ಲೂ ಇದ್ದಾರೆ, ಮಂಡ್ಯದಲ್ಲೂ ಇದ್ದಾರೆ. ಬಾಗಿಲಲ್ಲೇ ನಿಲ್ಲಿಸಿ ಕಳಿಸಿ.

ಇನ್ನು ನೀವು ನಾಚಿಕೊಂಡು ಕೇಳಿದ ಪ್ರಶ್ನೆ. ಅದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ, ಕಂಸದೊಳಗೆ ಬರೆದಿದ್ದೀರಿ. ಎರಡೆಳೆ ಸರ ಇನ್ನೂ ಅಡದಲ್ಲಿದೆ. ಚೀಟಿಯ ಏಳು ಕಂತು ಬಾಕಿ ಇದೆ. ಮದುವೆ ಮುಂಜಿಗೆ ಹೋಗುವಾಗ ಒಂದು ಗ್ರಾಂ ಗೋಲ್ಡಿನ ಸರ ಹಾಕಿಕೊಂಡು ಹೋಗಿ, ಯಾರಾದರೂ ಹತ್ತಿರ ಬಂದರೆ ಸೆರಗು ಎಳೆದುಕೊಳ್ಳುತ್ತೀರೇನೋ. ಕಾರ್ಡಿನ ಸಾಲ ತೀರಿದೆ, ಸರಿ, ಆದರೆ ಅದರ ಒಂದು ಪಾಲು ಮನೆ ಬದಲಿಸಿ ಬೇರೆ ಬೀದಿಯಲ್ಲಿ ಕೂತಿದೆ. ಆಪ್ ಸೊನ್ನೆ ತೋರಿಸಿದರೂ ನಿಮ್ಮ ಮನಸ್ಸು ಒಪ್ಪಲಿಲ್ಲ ಎಂದರೆ, ಮನಸ್ಸಿನ ಲೆಕ್ಕ ಆಪ್‌ಗಿಂತ ಸರಿ ಇದೆ ಎಂದೇ ನಾನು ಹೇಳುವುದು. ನಿಮಗೇನೂ ಆಗಿಲ್ಲ.

ಹಾಗೆಂದು ಗೆದ್ದದ್ದನ್ನು ಸಣ್ಣದು ಮಾಡಿಕೊಳ್ಳಬೇಡಿ. ₹90,000 ಕಾರ್ಡಿನಲ್ಲೇ ಇದ್ದಿದ್ದರೆ ತಿಂಗಳಿಗೆ ಬಡ್ಡಿ ₹3,150, ಜಿಎಸ್‌ಟಿ ₹567, ಒಟ್ಟು ₹3,717. ಅದೇ ಹಣಕ್ಕೆ ಸರದ ಮೇಲೆ ತಿಂಗಳಿಗೆ ₹825. ಒಂದೇ ಭಾರವನ್ನು ತಲೆಯಿಂದ ಕೈಗೆ ಇಳಿಸಿಕೊಂಡಿದ್ದೀರಿ. ಇಷ್ಟು ಮಾಡಲು ಎಷ್ಟೋ ಓದಿದವರಿಗೆ ಹೊಳೆಯುವುದಿಲ್ಲ, ಒಡವೆ ಅಡ ಇಡುವುದು ಮರ್ಯಾದೆಗೆ ಕಡಿಮೆ ಎಂದು ಬೀರುವಿನಲ್ಲಿ ಚಿನ್ನ ಇಟ್ಟುಕೊಂಡು ಹೊರಗೆ ಐವತ್ತು ಪರ್ಸೆಂಟ್ ಹತ್ತಿರ ಬಡ್ಡಿ ಕಟ್ಟುತ್ತಿರುತ್ತಾರೆ.

ಮುಂದಿನ ದಾರಿ ಹೀಗೆ. ಚೀಟಿಯ ₹5,000 ಬಿಟ್ಟು, ಕಾರ್ಡಿಗೆ ತಿಂಗಳಿಗೆ ಸುಮಾರು ₹9,000 ಹೋಗುತ್ತಿತ್ತು ಎಂದು ಹಿಡಿಯುತ್ತೇನೆ, ಹೆಚ್ಚು ಕಡಿಮೆ ಇದ್ದರೆ ನೀವೇ ತಿದ್ದಿಕೊಳ್ಳಿ. ಸಂಬಳ ಬಂದ ದಿನವೇ ಅದು ಖಾತೆಯಿಂದ ಹೊರಡಬೇಕು. ಇಷ್ಟು ವರ್ಷ ಹಿಡಿದ ಕೈ ಬಿಟ್ಟಾಗ ಮೊದಲ ಎರಡು ತಿಂಗಳು ದುಡ್ಡು ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ: ಮಗುವಿಗೆ ಸೈಕಲ್, ಅತ್ತಿಗೆಗೆ ಸೀರೆ, ಒಂದು ಫ್ರಿಜ್. ಮರಳಿ ಸಾಲಕ್ಕೆ ಬಿದ್ದವರ ಕತೆ ಕೆದಕಿದರೆ ಹೆಚ್ಚಿನವರದು ಇಲ್ಲಿಂದಲೇ ಶುರುವಾಗುತ್ತದೆ. ₹9,000ದಲ್ಲಿ ₹7,000 ಸರದ ಸಾಲಕ್ಕೆ ಕಟ್ಟಿ. ₹2,000 ಬೇರೆ ಪಾಸ್‌ಬುಕ್ಕಿಗೆ, ಅಂಚೆ ಕಚೇರಿಯದಾದರೂ ಸರಿ, ಎಟಿಎಂ ಕಾರ್ಡ್ ಇಲ್ಲದ ಖಾತೆಯಾದರೆ ಇನ್ನೂ ಸರಿ. ಎಲ್ಲವನ್ನೂ ಸರಕ್ಕೇ ಸುರಿದರೆ ಬೇಗ ಬಿಡಿಸಬಹುದು, ನಿಜ. ಆದರೆ ನಡುವೆ ಮನೆಯಲ್ಲಿ ಯಾರಿಗಾದರೂ ಡೆಂಗ್ಯೂ ಬಂದರೆ ಕೈ ಮತ್ತೆ ಹೋಗುವುದು ಕಾರ್ಡಿಗೇ.

ಏಳು ತಿಂಗಳಿಗೆ ಚೀಟಿ ಮುಗಿಯುತ್ತದೆ. ಅಷ್ಟರಲ್ಲಿ ಸರದ ಬಾಕಿ ₹45,500ರ ಆಸುಪಾಸಿಗೆ ಇಳಿದಿರುತ್ತದೆ. ಎಂಟನೇ ತಿಂಗಳಿಂದ ಚೀಟಿಯ ₹5,000 ಸೇರಿಸಿ ₹12,000 ಕಟ್ಟಿ. ಹನ್ನೊಂದನೇ ತಿಂಗಳು ಸರ ಕೈಗೆ ಬರುತ್ತದೆ, ಪಾಸ್‌ಬುಕ್ಕಿನಲ್ಲಿ ₹22,000 ಇರುತ್ತದೆ. ಚಿನ್ನದ ಸಾಲಕ್ಕೆ ಸಾಮಾನ್ಯವಾಗಿ ಒಂದು ವರ್ಷದ ಗಡುವಿರುತ್ತದೆ, ಅಡದ ಚೀಟಿಯ ಮೇಲಿನ ತಾರೀಖು ಈಗಲೇ ನೋಡಿ. ಹನ್ನೊಂದು ತಿಂಗಳಿಗೆ ಮುಂಚೆ ಗಡುವು ಮುಗಿಯುವುದಾದರೆ ಹರಾಜಿನ ನೋಟಿಸಿಗೆ ಕಾಯದೆ ಹೋಗಿ ಬಡ್ಡಿ ಕಟ್ಟಿ ನವೀಕರಿಸಿ. ಅದಾದ ಮೇಲಿನ ಎರಡು ತಿಂಗಳ ದುಡ್ಡು ಆ ಸೆಟಲ್‌ಮೆಂಟಿನ ₹26,000ಕ್ಕೆ. ಮನೆ ಕಟ್ಟುವ ಸಾಲಕ್ಕೆ ಅರ್ಜಿ ಹಾಕುವ ಹೊತ್ತಿಗೆ ಅದರ ಮೇಲೆ ಹತ್ತಿರ ಹತ್ತಿರ ಒಂದು ವರ್ಷವಾದರೂ ಕಳೆದಿರುತ್ತದೆ. ಅವಸರ ಬೇಡ ಎಂದದ್ದು ಇದಕ್ಕೇ.

ಫೋನಿನ ಭಯ ಕೊನೆಗೆ ಹೋಗುವಂಥದ್ದು. ಸಾಲ ಇದ್ದಾಗಲೂ ವಸೂಲಿಯವರು ಬೆಳಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ಮೇಲೆ ಫೋನ್ ಮಾಡುವಂತಿರಲಿಲ್ಲ, 2022ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಈಗಂತೂ ಕೇಳುವ ಹಕ್ಕೇ ಇಲ್ಲ. ಹಳೆಯ ಪಟ್ಟಿ ಹಿಡಿದು ಯಾರಾದರೂ ಫೋನ್ ಮಾಡಿದರೆ, "ಬರಹದಲ್ಲಿ ಕಳಿಸಿ, ನನ್ನ ಹತ್ತಿರ ನೋ ಡ್ಯೂ ಪತ್ರ ಇದೆ" ಎಂದು ಹೇಳಿ ಇಡಿ. ಬಿಡದಿದ್ದರೆ ಬ್ಯಾಂಕಿಗೆ ದೂರು, ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಇನ್ನೊಂದು ತರಹದ ಫೋನು ಶುರುವಾಗುತ್ತದೆ, ಅದು ಸಿಹಿಯಾಗಿರುತ್ತದೆ: ನಿಮ್ಮ ಸ್ಕೋರ್ ಚೆನ್ನಾಗಿದೆ ಮೇಡಂ, ಮಿತಿ ಎರಡು ಲಕ್ಷ ಮಾಡ್ತೀವಿ. ನೀವು ಹೂಂ ಎನ್ನದೆ ಮಿತಿ ಏರಿಸುವಂತಿಲ್ಲ. ರೈಲಿನ ಗಲಾಟೆಯಲ್ಲಿ ಅರ್ಧ ಕೇಳಿಸಿಕೊಂಡು ಹೂಂ ಎನ್ನಬೇಡಿ.

ನನಗೆ ಡವಡವ ನಿಲ್ಲಲು ಸುಮಾರು ಒಂದು ವರ್ಷ ಹಿಡಿಯಿತು. ಪ್ರತಿ ತಿಂಗಳ ನಾಲ್ಕನೇ ತಾರೀಖು ಬೆಳಗಿನ ಜಾವ ಎಚ್ಚರವಾಗಿ, ಚೆಕ್ ಹಾಕಿದೆನಾ ಎಂದು ಯೋಚಿಸುತ್ತಾ ಮಲಗಿರುತ್ತಿದ್ದೆ. ಯಾವ ತಿಂಗಳು ಎಚ್ಚರವಾಗಲಿಲ್ಲ ಎಂದು ಕೇಳಿದರೆ ಹೇಳಲಾರೆ, ಆರನೇ ತಾರೀಖೋ ಏಳನೇ ತಾರೀಖೋ ಸ್ನಾನ ಮಾಡುವಾಗ ನೆನಪಾಯಿತು, ಅಷ್ಟೇ. ಸರದ ವಿಚಾರ ಅತ್ತೆಯವರಿಗೆ ಹೇಳಬೇಕೇ ಎಂದು ನೀವು ಕೇಳಿಲ್ಲ, ಗೊತ್ತಿದೆಯೋ ಇಲ್ಲವೋ ನನಗೂ ತಿಳಿಯದು. ನಮ್ಮ ಮನೆಯ ₹551.50ರ ಕತೆ ಹೇಳಿದೆ, ಉಳಿದದ್ದು ನಿಮಗೆ ಬಿಟ್ಟದ್ದು.

ಸರ ಬಿಡಿಸಲು ಹೋಗುವ ದಿನ ಅಡದ ಚೀಟಿಯ ಮೂಲಪ್ರತಿ, ಆಧಾರ್ ಎರಡೂ ಇರಲಿ, ನಿಮ್ಮ ಹೆಸರಿನಲ್ಲಿ ಇಟ್ಟಿದ್ದರೆ ನೀವೇ ಹೋಗಬೇಕು. ಕೌಂಟರ್ ಬಿಡುವ ಮುಂಚೆ ನಿಮ್ಮ ಕಣ್ಣೆದುರಿಗೇ ತೂಕ ಹಾಕಿಸಿ, ಚೀಟಿಯಲ್ಲಿ ಬರೆದ ಗ್ರಾಂಗೆ ತಾಳೆ ನೋಡಿ, ಕೊಂಡಿಯನ್ನೂ ಒಮ್ಮೆ ನೋಡಿ. "ಸಾಲ ಮುಕ್ತಾಯ" ಎಂದು ಮೊಹರು ಹಾಕಿಸಿಕೊಂಡು, ಸರವನ್ನು ಪರ್ಸಿನಲ್ಲಿ ಇಟ್ಟುಕೊಳ್ಳದೆ ಅಲ್ಲೇ ಹಾಕಿಕೊಂಡು ಬನ್ನಿ. ಸಂಜೆಯ ರೈಲಿನಲ್ಲಿ ನೂಕುನುಗ್ಗಲು ಜಾಸ್ತಿ, ಸೆರಗು ಮಾತ್ರ ಸರಿಯಾಗಿ ಹೊದ್ದುಕೊಳ್ಳಿ.